ರೇಂಜ್ ಇರುವ ಸಿಮ್

ನಮ್ಮ ದೇಶದ ಮೊಬೈಲ್ ಫೋನಿನ ಚರಿತ್ರೆ ಹೇಳುವವರು ಹೆಚ್ಚಾಗಿ ದರದ ಚರಿತ್ರೆಯನ್ನೇ ಹೇಳುತ್ತಾರೆ. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಮೊದಲ ಕರೆ ಮಾಡಿದ ಕಾಲದಲ್ಲಿ ಬಿಗುವಿನ ವೇಳೆಯ ಕರೆಗೆ ನಿಮಿಷಕ್ಕೆ ಹದಿನಾರು ರೂಪಾಯಿಗೂ ಮೇಲಿತ್ತು, ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ ತಿಂಗಳಿಂದ ಒಳಬರುವ ಕರೆ ಪುಕ್ಕಟೆಯಾಯಿತು, 2009ರಲ್ಲಿ ಸೆಕೆಂಡಿಗೆ ಒಂದು ಪೈಸೆಯ ಲೆಕ್ಕ ಬಂತು, 2016ರಲ್ಲಿ ಜಿಯೋ ಬಂದು ಮಾತಿಗೆ ಬೆಲೆಯೇ ಇಲ್ಲವೆಂದಿತು. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಮಟ್ಟಿಗೆ ಈ ಕಥೆ ಸರಿಯೇ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ, ಸಿದ್ದಾಪುರ, ಜೊಯಿಡಾ, ಸುಳ್ಯ, ಮಡಿಕೇರಿಗಳ ಮಟ್ಟಿಗೆ ಇದು ಅರ್ಧ ಕಥೆ. ಅಲ್ಲಿ ಸಿಮ್ ಮಾರುವ ಅಂಗಡಿಯವನು ಗಿರಾಕಿಯನ್ನು ಕೇಳುತ್ತಿದ್ದ ಮೊದಲ ಮಾತು ‘ನಿಮ್ಮ ಮನೆ ಎಲ್ಲಾಯ್ತು?’ ಎಂದು. ಮನೆ ಯಾವ ಗುಡ್ಡದ ಯಾವ ಮಗ್ಗುಲಿಗೆ ಎಂದು ತಿಳಿದ ಮೇಲೆಯೇ ಯಾವ ಕಂಪನಿ, ಯಾವ ಸೆಟ್ ಎಂಬ ಮಾತು. ಒಳ್ಳೆಯ ನೆಟ್‌ವರ್ಕ್ ಎನ್ನುವುದನ್ನು ಕಂಪನಿಯ ಗುಣವೆಂದು ಜಾಹೀರಾತು ಹೇಳುತ್ತ ಬಂದಿದ್ದರೆ, ಮಲೆನಾಡಿನವರು ಅದನ್ನು ಜಾಗದ ಗುಣವೆಂದು ತಿಳಿದು ವ್ಯವಹರಿಸಿದರು. ಅವರ ತಿಳಿವಳಿಕೆಯೇ ಸರಿಯಾಗಿತ್ತು, ಆ ಜಾಗದ ಗುಣವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಮೊಬೈಲ್ ಹುಟ್ಟುವ ಮೊದಲಿನ ಸಂಗತಿಗಳು ಎಂಬುದು ಈ ಬರಹದ ವಾದ.

ಆ ಮೊದಲಿನ ಸಂಗತಿಗಳಲ್ಲಿ ದೊಡ್ಡದು ಟೆಲಿಫೋನ್ ಎಕ್ಸ್‌ಚೇಂಜ್. ಬೆಂಗಳೂರಿನ ಐಟಿಐ ಕಾರ್ಖಾನೆ 1948ರಿಂದಲೇ ಟೆಲಿಫೋನ್ ಉಪಕರಣ ಮಾಡುತ್ತಿದ್ದರೂ ಹಳ್ಳಿಗೆ ಫೋನು ಹೋಗಿದ್ದು ಕಡಿಮೆ. ದೊಡ್ಡ ಎಕ್ಸ್‌ಚೇಂಜುಗಳು ಹವಾನಿಯಂತ್ರಿತ ಕೋಣೆ, ಸದಾ ಕರೆಂಟು, ಪಳಗಿದ ಸಿಬ್ಬಂದಿ ಬೇಡುತ್ತಿದ್ದವು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಇದಕ್ಕೊಂದು ದಾರಿ ತೆಗೆಯಿತು. ಸೆಖೆ, ಧೂಳು, ಹೊಯ್ದಾಡುವ ವಿದ್ಯುತ್ತು ಎಲ್ಲವನ್ನೂ ತಾಳಿಕೊಂಡು ಎಸಿ ಇಲ್ಲದ ಚಿಕ್ಕ ಕೋಣೆಯಲ್ಲಿ ನಡೆಯಬಲ್ಲ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ಅದು ರೂಪಿಸಿತು. ಅದರ ಮೊದಲ ಪ್ರಯೋಗ ನಡೆದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಇಂಥ ಎಕ್ಸ್‌ಚೇಂಜುಗಳು ಹೋಬಳಿ ಹೋಬಳಿಗೆ ಬಂದವು. ಹೆಂಚಿನದೋ ತಾರಸಿಯದೋ ಒಂದು ಕಟ್ಟಡ, ಒಳಗೆ ಬ್ಯಾಟರಿಗಳ ಸಾಲು, ಹೊರಗೆ ಜನರೇಟರು, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೆ ಕೇಬಲ್ಲೋ ಮೈಕ್ರೋವೇವ್ ಕೊಂಡಿಯೋ. ತೋಟದ ಮನೆಗಳಿಗೆ ಕಂಬದಿಂದ ಕಂಬಕ್ಕೆ ತಂತಿ ಎಳೆದರು. ತಂತಿ ತಲುಪದ ಊರುಗಳಿಗೆ ರೇಡಿಯೋ ಮೂಲಕ ನಡೆಯುವ ಸಾರ್ವಜನಿಕ ಫೋನು ಕೊಟ್ಟು ನೋಡಿದರು. ಅವು ಕೆಟ್ಟು ಕೂತಿದ್ದೇ ಹೆಚ್ಚು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು, ಸಿಡಿಲಿಗೆ ಫೋನು ಸುಟ್ಟುಹೋಗುವುದು, ಲೈನ್‌ಮ್ಯಾನ್ ಬರುವವರೆಗೆ ವಾರಗಟ್ಟಲೆ ಕಾಯುವುದು ವರ್ಷ ವರ್ಷದ ಪಾಡು. ಹೀಗಿದ್ದೂ ಮಲೆನಾಡಿನ ಒಳಗೆ ಎಲ್ಲೆಲ್ಲಿ ಜಾಗ, ಕಟ್ಟಡ, ಬ್ಯಾಟರಿ, ಹೊರಲೋಕದ ಕೊಂಡಿ ಇವೆ ಎಂಬುದರ ಒಂದು ನಕ್ಷೆ 2000ದ ಹೊತ್ತಿಗೆ ಸಿದ್ಧವಾಗಿತ್ತು, ಮತ್ತು ಅದು ಸರ್ಕಾರಿ ಇಲಾಖೆಯೊಂದರ ಕೈಯಲ್ಲಿತ್ತು.

ಖಾಸಗಿ ಕಂಪನಿಗಳ ನಕ್ಷೆ ಬೇರೆ ಕಡೆಯಿಂದ ಶುರುವಾಯಿತು. 1994ರ ದೂರಸಂಪರ್ಕ ನೀತಿಯ ಬಳಿಕ ದೇಶವನ್ನು ಸರ್ಕಲ್‌ಗಳಾಗಿ ಹಂಚಿ ಒಂದೊಂದಕ್ಕೂ ಇಬ್ಬಿಬ್ಬರಿಗೆ ಪರವಾನಗಿ ಕೊಟ್ಟರು. ಕರ್ನಾಟಕ ಸರ್ಕಲ್ ಸಿಕ್ಕಿದ್ದು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್‌ಗೆ. ಮೊದಲನೆಯದನ್ನು 1999ರಲ್ಲಿ ಭಾರ್ತಿ ಕೊಂಡು ಏರ್‌ಟೆಲ್ ಮಾಡಿತು, ಎರಡನೆಯದು 2008ರಲ್ಲಿ ಐಡಿಯಾ ಪಾಲಾಯಿತು. 98450 ಎಂದು ಶುರುವಾದರೆ ಏರ್‌ಟೆಲ್, 98440 ಎಂದರೆ ಸ್ಪೈಸ್ ಎಂದು ನಂಬರು ನೋಡಿಯೇ ಗುರುತಿಸುತ್ತಿದ್ದ ಕಾಲ ಅದು. ಪರವಾನಗಿಯ ಷರತ್ತುಗಳನ್ನು ಓದಿದರೆ ಮಲೆನಾಡಿನ ಮುಂದಿನ ಪಾಡು ಅಲ್ಲೇ ಬರೆದಿಟ್ಟಂತಿದೆ. ಮೊದಲ ವರ್ಷ ಜಿಲ್ಲಾ ಕೇಂದ್ರಗಳಲ್ಲಿ ನೂರಕ್ಕೆ ಹತ್ತು, ಮೂರು ವರ್ಷದೊಳಗೆ ನೂರಕ್ಕೆ ಐವತ್ತು ತಲುಪಿದರೆ ಸಾಕು. ಜಿಲ್ಲಾ ಕೇಂದ್ರ ಬೇಡವೆಂದರೆ ಆ ಜಿಲ್ಲೆಯ ಬೇರೊಂದು ಪಟ್ಟಣವನ್ನು ಲೆಕ್ಕಕ್ಕೆ ಹಿಡಿಯಬಹುದು. ತಲುಪುವುದೆಂದರೆ ಪುರಸಭೆಯ ಗಡಿಯೊಳಗಿನ ಶೇಕಡಾ 90ರಷ್ಟು ಜಾಗಕ್ಕೆ ಸಿಗ್ನಲ್ ಕೊಡುವುದು. ಉಳಿದರ್ಧ ಕೇಂದ್ರಗಳ ವಿಷಯ ಕಂಪನಿಯ ವ್ಯಾಪಾರದ ಲೆಕ್ಕಾಚಾರಕ್ಕೆ ಬಿಟ್ಟದ್ದು. ಹಳ್ಳಿ ಎಂಬ ಮಾತೇ ಈ ಲೆಕ್ಕದಲ್ಲಿ ಬರುವುದಿಲ್ಲ. ಕೋಟಿಗಟ್ಟಲೆ ಶುಲ್ಕ ಕಟ್ಟಿ ಬಂದ ಕಂಪನಿಗಳು ಪಟ್ಟಣ, ಆಮೇಲೆ ಹೆದ್ದಾರಿ ಎಂದು ಟವರ್ ನೆಟ್ಟದ್ದನ್ನು ದುರಾಸೆ ಎಂದು ಬಯ್ಯುವುದು ಸುಲಭ. ಸರ್ಕಾರ ಕೇಳಿದ್ದನ್ನು ಅವು ಮಾಡಿದವು, ಕೇಳದ್ದನ್ನು ಮಾಡಲಿಲ್ಲ, ಅಷ್ಟೆ.

2002ರ ಅಕ್ಟೋಬರಿನಲ್ಲಿ, ಆ ಸರ್ಕಾರಿ ಇಲಾಖೆಯ ಆಸ್ತಿ ವಹಿಸಿಕೊಂಡ ಬಿಎಸ್‌ಎನ್‌ಎಲ್ ‘ಸೆಲ್‌ಒನ್’ ಹೆಸರಿನಲ್ಲಿ ಮೊಬೈಲಿಗೆ ಇಳಿದಾಗ ಹೋಬಳಿಯ ಹಳೆಯ ನಕ್ಷೆಗೆ ಬೆಲೆ ಬಂತು. ಟವರ್ ನಿಲ್ಲಿಸಲು ಬೇರೆಯವರು ಜಾಗ ಹುಡುಕಿ, ಬಾಡಿಗೆ ಮಾತಾಡಿ, ವಿದ್ಯುತ್ ಸಂಪರ್ಕ ಪಡೆದು, ಅಲ್ಲಿಂದ ಪಟ್ಟಣಕ್ಕೆ ಮೈಕ್ರೋವೇವ್ ಕೊಂಡಿ ಹಾಕಿಕೊಳ್ಳಬೇಕಿದ್ದಲ್ಲಿ, ಇವರಿಗೆ ಎಕ್ಸ್‌ಚೇಂಜಿನ ಹಿತ್ತಲಲ್ಲಿ ಇವೆಲ್ಲವೂ ಮೊದಲೇ ಇದ್ದವು. ಹಾಗಾಗಿ ತೀರ ಒಳಗಿನ ಊರುಗಳಲ್ಲಿ ಮೊದಲು ಎದ್ದದ್ದು ಬಹುಪಾಲು ಈ ಟವರುಗಳೇ. ಸಿಮ್ ಸಾಕಾಗದೆ ಜನ ಗ್ರಾಹಕ ಕೇಂದ್ರಗಳ ಮುಂದೆ ಸರದಿ ನಿಂತರು. ಮಲೆನಾಡಿನ ಮದುವೆ ಕಾಗದದಲ್ಲಿ, ಸೊಸೈಟಿಯ ನೋಟಿಸಿನಲ್ಲಿ, ಅಡಿಕೆ ಮಂಡಿಯ ಬಿಲ್ಲಿನಲ್ಲಿ 9448, 9449, ಆಮೇಲೆ 9480, 9481 ಎಂದು ಶುರುವಾಗುವ ನಂಬರುಗಳೇ ಕಿಕ್ಕಿರಿದದ್ದಕ್ಕೆ ಕಾರಣ ಸರ್ಕಾರಿ ಸಂಸ್ಥೆಯ ಮೇಲಿನ ಭಕ್ತಿಯಲ್ಲ. ಅದೇ ಸಂಸ್ಥೆಯ ಲ್ಯಾಂಡ್‌ಲೈನನ್ನು ಬೆಳಗಿನಿಂದ ಸಂಜೆಯವರೆಗೆ ಶಪಿಸುತ್ತಿದ್ದ ಜನವೇ ಅದರ ಸಿಮ್ಮಿಗೆ ಸಾಲು ನಿಂತದ್ದು. 1986ರ ನಂತರ ಹೋಬಳಿಯಲ್ಲೊಂದು ಎಕ್ಸ್‌ಚೇಂಜ್ ಬಂದಿದ್ದರೆ 2005ರಲ್ಲಿ ಆ ಹೋಬಳಿಯ ಸಿಮ್ ಯಾವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು; ಆಯ್ಕೆ ಮಾಡುವವನಿಗೆ ಮಾತ್ರ ಅದು ತನ್ನ ಆಯ್ಕೆಯಂತೆ ಕಾಣುತ್ತಿತ್ತು.

ಟವರ್ ಬಂದ ಮಾತ್ರಕ್ಕೆ ಮನೆಗೆ ಸಿಗ್ನಲ್ ಬಂದಂತಲ್ಲ. ಮಲೆನಾಡಿನ ಮನೆಗಳು ಕೂತಿರುವ ರೀತಿಯೇ ರೇಡಿಯೋ ಅಲೆಗೆ ವೈರಿ. ಅಡಿಕೆಗೆ ನೀರು ಬೇಕು, ನೆರಳು ಬೇಕು, ಗಾಳಿಯ ಹೊಡೆತ ತಾಗಬಾರದು. ಹಾಗಾಗಿ ತೋಟ ಕಣಿವೆಯ ತಳದಲ್ಲಿ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ದರೆ, ಅದರ ಮೇಲೆ ಸೊಪ್ಪಿನ ಬೆಟ್ಟ. ಬಯಲುಸೀಮೆಯ ಹಾಗೆ ಮನೆಗಳು ಒಂದೆಡೆ ಒತ್ತಾಗಿ ಇರುವುದಿಲ್ಲ, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ದಿಣ್ಣೆ. ಟವರ್ ಇರುವುದು ರಸ್ತೆಯ ಬದಿಗೆ. ಗುಡ್ಡದ ನೆತ್ತಿಯನ್ನು ಬಳಸಿ ಸ್ವಲ್ಪ ಬಾಗಿ ಕೆಳಗಿಳಿದ ಅಲೆ ಮಾತ್ರ ಮನೆಗೆ ತಲುಪಬೇಕು, ಮಳೆಗಾಲದಲ್ಲಿ ಒದ್ದೆ ಎಲೆಗಳು ಅದರಲ್ಲೂ ಒಂದು ಪಾಲು ಹೀರುತ್ತವೆ. ಇಲ್ಲಿಯೇ ತರಂಗಾಂತರದ ಪ್ರಶ್ನೆ ಬರುವುದು. ಮೊದಲ ಎರಡು ಖಾಸಗಿ ಕಂಪನಿಗಳಿಗೂ ಮೂರನೆಯದಾಗಿ ಬಂದ ಬಿಎಸ್‌ಎನ್‌ಎಲ್‌ಗೂ ಸಿಕ್ಕಿದ್ದು 900 ಮೆಗಾಹರ್ಟ್ಸ್. 2001ರಲ್ಲಿ ನಾಲ್ಕನೆಯ ಪರವಾನಗಿ ಪಡೆದವರಿಗೆ, ಅಂದರೆ ಇಲ್ಲಿ ಹಚ್‌ಗೆ, ಸಿಕ್ಕಿದ್ದು 1800. ಬಟಾಬಯಲಿನಲ್ಲಿಯೂ 1800ರ ಅಲೆ ಅದೇ ದೂರಕ್ಕೆ 900ರದ್ದಕ್ಕಿಂತ 6 ಡೆಸಿಬೆಲ್‌ನಷ್ಟು, ಅಂದರೆ ಕಾಲು ಭಾಗಕ್ಕೆ ಇಳಿದು ತಲುಪುತ್ತದೆ. ಗುಡ್ಡದ ಅಂಚಿನಲ್ಲಿ ಬಾಗುವಾಗ, ಗೋಡೆ ದಾಟುವಾಗ ನಷ್ಟ ಇನ್ನೂ ಹೆಚ್ಚು. 98860ರ ಹಚ್ ಸಿಮ್ ಬೆಂಗಳೂರಿನಲ್ಲಿ ಚೊಕ್ಕವಾಗಿ ಮಾತಾಡಿ ಘಟ್ಟದ ಮನೆಯಲ್ಲಿ ಮೂಕವಾಗುತ್ತಿದ್ದುದರ ಹಿಂದೆ ಟವರಿನ ಕೊರತೆಯ ಜೊತೆಗೆ ಇದೂ ಇತ್ತು. ಹಳೆಯ ನೋಕಿಯಾ 5110 ಇಟ್ಟುಕೊಂಡವರಿಗಂತೂ ಪ್ರಶ್ನೆಯೇ ಇರಲಿಲ್ಲ, ಆ ಸೆಟ್ಟಿಗೆ 900 ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಸೆಟ್ಟಿನ ವಿಷಯಕ್ಕೆ ಬಂದರೆ, ‘ಹಳೇ ನೋಕಿಯಾಕ್ಕೆ ಎಲ್ಲಿ ಇಟ್ಟರೂ ರೇಂಜ್ ಬರ್ತಿತ್ತು’ ಎಂಬ ಮಾತನ್ನು ಹಳಹಳಿಕೆ ಎಂದು ತಳ್ಳಿಹಾಕುವವರಿದ್ದಾರೆ. ಅರ್ಧ ಮಾತ್ರ ತಳ್ಳಿಹಾಕಬಹುದು. 2ಜಿಯ 900ರಲ್ಲಿ ಕೈಫೋನು ಗರಿಷ್ಠ 2 ವಾಟ್ ಶಕ್ತಿಯಲ್ಲಿ ಕೂಗಬಲ್ಲದು, 1800ರಲ್ಲಿ 1 ವಾಟ್. ಈಗಿನ 4ಜಿ ಫೋನಿನ ಮಿತಿ 0.2 ವಾಟ್. 2ಜಿ ಫೋನು ತನ್ನ ಸರದಿ ಬಂದ ಎಂಟನೇ ಒಂದು ಭಾಗದ ಹೊತ್ತು ಮಾತ್ರ ಕೂಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಅಂತರ ಕುಗ್ಗುತ್ತದೆ, ಅಳಿಯುವುದಿಲ್ಲ. 5110ಕ್ಕೆ ನೆತ್ತಿಯ ಮೇಲೆ ಮೋಟು ಆಂಟೆನಾ ಇತ್ತು, ಕೈ ಅದನ್ನು ಮುಚ್ಚುತ್ತಿರಲಿಲ್ಲ. ಆ ಕಾಲದ ಕೆಲವು ಸೆಟ್‌ಗಳ ಬೆನ್ನಲ್ಲಿ, ರಬ್ಬರಿನ ಚಿಕ್ಕ ಮುಚ್ಚಳ ತೆಗೆದರೆ, ಹೊರಗಿನ ಆಂಟೆನಾಕ್ಕೆ ತಂತಿ ಸಿಕ್ಕಿಸುವ ತೂತಿರುತ್ತಿತ್ತು. ಕಾರಿಗೆಂದು ಕೊಟ್ಟದ್ದು ಅದು. ಮುಂದೆ ಆಂಟೆನಾ ಒಳಗೆ ಸೇರಿತು. 2003ರ ನೋಕಿಯಾ 1100 ಟಾರ್ಚಿಗೆ ಹೆಸರಾದರೂ ಅದರ ಪ್ಲಾಸ್ಟಿಕ್ ಮೈ ಅಲೆಗೆ ಅಡ್ಡಬರಲಿಲ್ಲ. ಆಮೇಲಿನ ತೆಳ್ಳನೆಯ, ಲೋಹದ ಚೌಕಟ್ಟಿನ, ಹತ್ತಾರು ತರಂಗಾಂತರಗಳನ್ನು ಒಂದೇ ಇಕ್ಕಟ್ಟಿನಲ್ಲಿ ಸಂಭಾಳಿಸಬೇಕಾದ ಫೋನುಗಳಲ್ಲಿ ಆಂಟೆನಾಕ್ಕೆ ಸಿಕ್ಕುವ ಜಾಗ ಕಡಿಮೆ. ತಳ್ಳಿಹಾಕಬೇಕಾದ ಅರ್ಧವೆಂದರೆ, ಹಳೆಯ ಸೆಟ್ ಈಗಿನ ಟವರಿನಡಿ ಅದೇ ಪವಾಡ ಮಾಡುತ್ತದೆ ಎಂಬ ನಂಬಿಕೆ. ಅದು ಹಿಡಿಯುತ್ತಿದ್ದ 900ರ ಜಾಗದ ಒಂದು ಪಾಲು ಈಗ ಡೇಟಾಕ್ಕೆ ಹೋಗಿದೆ.

ಸಿಡಿಎಂಎ ಎಂಬ ಬೇರೆ ತಂತ್ರಜ್ಞಾನದ ಕಾಲದಲ್ಲಂತೂ ಸೆಟ್ ಮತ್ತು ಕಂಪನಿ ಎರಡು ಆಯ್ಕೆಗಳಾಗಿ ಉಳಿಯಲೇ ಇಲ್ಲ. 2002ರ ಡಿಸೆಂಬರಿನಲ್ಲಿ ಶುರುವಾಗಿ 2003ರಲ್ಲಿ 501 ರೂಪಾಯಿಗೆ ಫೋನು ಕೈಗಿತ್ತ ರಿಲಯನ್ಸ್‌ನ ಸೆಟ್ಟು ರಿಲಯನ್ಸ್‌ನದೇ. ನಂಬರು ಸೆಟ್ಟಿನೊಳಗೇ ಕೂತಿತ್ತು, ಬೇರೆಯವರ ಸಿಮ್ ಹಾಕುವ ಮಾತಿಲ್ಲ. ಅದು ನಡೆಯುತ್ತಿದ್ದುದು 800 ಮೆಗಾಹರ್ಟ್ಸ್‌ನಲ್ಲಿ, ಗುಡ್ಡಕ್ಕೆ 900ಕ್ಕಿಂತ ಒಂದು ಕೈ ಮೇಲು. ತಂತಿ ಎಳೆಯಲಾಗದ ಮನೆಗಳಿಗೆ ಬಿಎಸ್‌ಎನ್‌ಎಲ್ ಸಹ ಸಿಡಿಎಂಎಯ ಡಬ್ಲ್ಯುಎಲ್‌ಎಲ್ ಫೋನು ಕೊಟ್ಟಿತು. ಜಗಲಿಯ ಮೇಲೆ ಲ್ಯಾಂಡ್‌ಲೈನಿನಂಥದೇ ಸೆಟ್ಟು, ಅದಕ್ಕೊಂದು ಕೇಬಲ್, ಮಾಡಿನ ಮೇಲೆ ಕೊಳವೆಯ ತುದಿಗೆ ಅಡ್ಡಕಡ್ಡಿಗಳ ಆಂಟೆನಾ. ಅದರ ಮುಖವನ್ನು ಟವರಿನ ದಿಕ್ಕಿಗೆ ಒಂದೆರಡು ಬೆರಳಿನಷ್ಟು ಅತ್ತಿತ್ತ ತಿರುಗಿಸಿ, ಕೆಳಗೆ ಫೋನು ಹಿಡಿದವನು ‘ಬಂತು, ಬಂತು, ಹೋಯ್ತು’ ಎಂದು ಕೂಗುತ್ತ ಜೋಡಿಸುವುದು ಬಹುಶಃ ನಮ್ಮ ಜನ ರೇಡಿಯೋ ವಿಜ್ಞಾನವನ್ನು ಕೈಯಾರೆ ಕಲಿತ ಅತಿ ದೊಡ್ಡ ತರಗತಿ. ಈ ತಂತ್ರಜ್ಞಾನಕ್ಕೊಂದು ಐಬೂ ಇತ್ತು. ಒಂದೇ ಟವರಿನಡಿ ಮಾತಾಡುವವರು ಹೆಚ್ಚಿದಂತೆ ಅದರ ವ್ಯಾಪ್ತಿಯೇ ಕುಗ್ಗುತ್ತದೆ. ಅಂಚಿನ ಮನೆಗೆ ಬೆಳಗಿನ ಜಾವ ಸಿಗುವ ಸಂಪರ್ಕ ಸಂಜೆ ಸಿಗದಿದ್ದರೆ ಅದು ಭ್ರಮೆಯಾಗಿರಲಿಲ್ಲ.

ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ಮಾತ್ರ ಮಲೆನಾಡಿನವರು ಬೇಗನೆ ನಂಬುವುದನ್ನು ಬಿಟ್ಟರು, ಮತ್ತು ಬಿಟ್ಟದ್ದು ಸರಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಒಂದೊಂದು ತಯಾರಕರದ್ದು ಒಂದೊಂದು ಸೂತ್ರ. 2010ರ ಜುಲೈನಲ್ಲಿ ಆಪಲ್ ಕಂಪನಿಯೇ ತನ್ನ ಫೋನುಗಳ ಸೂತ್ರ ಪೂರ್ತಿ ತಪ್ಪಾಗಿತ್ತೆಂದೂ ಇರಬೇಕಾದ್ದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರಿಸುತ್ತಿತ್ತೆಂದೂ ಒಪ್ಪಿಕೊಂಡಿತು. ಕಡ್ಡಿ ನಿಜವೇ ಹೇಳಿದರೂ ಅದು ಹೇಳುವುದು ಒಂದು ಕಡೆಯ ಮಾತು. ದೂರದ ಗುಡ್ಡದಲ್ಲಿ ನಿಂತವನ ಕೂಗು ಕೆಳಗಿನವನಿಗೆ ಕೇಳಿಸಬಹುದು, ಕೆಳಗಿನವನ ಪಿಸುಮಾತು ಮೇಲಿನವನಿಗೆ ಕೇಳಬೇಕಲ್ಲ. ಟವರಿಗೂ ಕೈಫೋನಿಗೂ ನಡುವಿನ ಸಂಬಂಧ ಅಂಥದು. ಘಟ್ಟದ ಪಶ್ಚಿಮದ ಅಂಚಿನಲ್ಲಿ ಇದಕ್ಕಿಂತ ವಿಚಿತ್ರವಾದ ಪ್ರಸಂಗವಿದೆ. ಅಲ್ಲಿಂದ ಕರಾವಳಿಯ ಬಯಲು ಅಡ್ಡಿಯಿಲ್ಲದೆ ತೆರೆದುಕೊಳ್ಳುತ್ತದೆ, ಕೆಳಗಿನ ಪೇಟೆಗಳ ಟವರುಗಳ ಅಲೆ ನೇರ ಮೇಲೆ ಬರುತ್ತದೆ, ಫೋನು ಕಡ್ಡಿ ತೋರಿಸುತ್ತದೆ, ಕರೆ ಮಾತ್ರ ಹೋಗುವುದಿಲ್ಲ. 2ಜಿಯಲ್ಲಿ ಪ್ರತಿ ಫೋನಿನ ಮಾತೂ ತನಗೆ ಕೊಟ್ಟ ಸೆಕೆಂಡಿನ ಸೂಕ್ಷ್ಮ ಭಾಗದೊಳಗೇ ಟವರ್ ಮುಟ್ಟಬೇಕು, ಹೋಗಿಬರುವ ತಡವನ್ನು ಸರಿದೂಗಿಸುವ ಏರ್ಪಾಡು ಸುಮಾರು 35 ಕಿಲೋಮೀಟರ್‌ಗೆ ಮುಗಿಯುತ್ತದೆ. ಅದರಾಚೆ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಮಾತು ಸಾಧ್ಯವಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪ ಗಟ್ಟಿಯಾಗಿ ನಿಲ್ಲುತ್ತದೆ: ಮಲೆನಾಡಿನವರೇನು ದರ ನೋಡದವರೇ? ಲೈಫ್‌ಟೈಮ್ ಸಿಮ್ಮಿಗೆ ಮುಗಿಬಿದ್ದವರಲ್ಲಿ, ಹತ್ತು ರೂಪಾಯಿಯ ಕರೆನ್ಸಿ ಹಾಕಿಸಿ ತಿಂಗಳು ತಳ್ಳಿದವರಲ್ಲಿ, ಮಿಸ್ ಕಾಲನ್ನೇ ಸಂದೇಶವಾಗಿ ಮಾಡಿಕೊಂಡವರಲ್ಲಿ ಅವರೂ ಇದ್ದರು. ಇದ್ದರು, ನಿಜ. ಆದರೆ ದರವನ್ನೂ ರೇಂಜನ್ನೂ ಅವರು ಒಂದೇ ತಕ್ಕಡಿಯಲ್ಲಿಟ್ಟು ತೂಗಲಿಲ್ಲ, ಎರಡಕ್ಕೂ ಬೇರೆ ಬೇರೆ ಸಿಮ್ ಇಟ್ಟರು. ಮೊದಲು ಪರ್ಸಿನಲ್ಲಿ ಎರಡನೆಯ ಸಿಮ್ ಇಟ್ಟುಕೊಂಡು ಪೇಟೆಗೆ ಹೋದಾಗ ಬದಲಿಸಿಕೊಂಡರು, ಆಮೇಲೆ ಎರಡು ಸಿಮ್ಮಿನ ಸೆಟ್ ಬಂತು. ಇದನ್ನು ಬಳಕೆಗೆ ತಂದದ್ದು ಚೀನಾ ಸೆಟ್‌ಗಳು, ಮೈಕ್ರೋಮ್ಯಾಕ್ಸ್‌ನಂಥ ನಮ್ಮವರು. ನೋಕಿಯಾ ಈ ಬೇಡಿಕೆಯನ್ನು ಬಹುಕಾಲ ಕಡೆಗಣಿಸಿ, ಕಾಲ ಮಿಂಚುತ್ತಿದ್ದಾಗ, 2010ರ ಬಳಿಕ ಇಳಿಯಿತು. ಮಲೆನಾಡಿನ ಜೋಡಿಯೆಂದರೆ ಮನೆಗೊಂದು ಬಿಎಸ್‌ಎನ್‌ಎಲ್, ಪೇಟೆಗೊಂದು ಅಗ್ಗದ್ದು. ಗಿರಾಕಿ ದರಕ್ಕೆ ಮಾತ್ರ ಸೋಲುವವನಾಗಿದ್ದರೆ ಮೊದಲ ಸಿಮ್ಮನ್ನು ಎಸೆಯುತ್ತಿದ್ದ. ಅವನು ಅದಕ್ಕೆ ವ್ಯಾಲಿಡಿಟಿ ಕಟ್ಟುತ್ತ ಹೋದ, ಏಕೆಂದರೆ ರಾತ್ರಿ ಮನೆಯಲ್ಲಿ ಹೆರಿಗೆ ನೋವೋ ಹಾವು ಕಚ್ಚಿದ್ದೋ ಆದಾಗ ಅಗ್ಗದ ಸಿಮ್ಮು ಉಪಯೋಗಕ್ಕೆ ಬರುವುದಿಲ್ಲವೆಂದು ಗೊತ್ತಿತ್ತು.

ಎರಡನೆಯ ಆಕ್ಷೇಪ: 2011ರ ಜನವರಿಯಿಂದ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂತಲ್ಲ, ಗ್ರಾಹಕನೇ ದೊರೆಯಾದನಲ್ಲ? ಕಾಗದದ ಮೇಲೆ ಹೌದು. ನಂಬರಿನ ಮೊದಲ ಐದು ಅಂಕಿ ನೋಡಿ ಕಂಪನಿ ಹೇಳುವ ವಿದ್ಯೆ ಅಂದಿನಿಂದ ಕೆಟ್ಟಿತು. ಆದರೆ ಒಂದೇ ಟವರಿನ ಊರಿನಲ್ಲಿ ಎಲ್ಲಿಂದ ಎಲ್ಲಿಗೆ ಪೋರ್ಟ್ ಮಾಡುವುದು? ಬದಲಾವಣೆಯ ಹಕ್ಕು ಬಳಕೆಗೆ ಬರಬೇಕಾದರೆ ಬದಲಿಗೆ ಇನ್ನೊಂದು ಇರಬೇಕು. ಗಡಿಯ ಊರುಗಳಲ್ಲಿ ಇನ್ನೊಂದು ಇತ್ತು, ಅದೂ ಪೀಡೆಯಾಗಿ. ಕುಟ್ಟ, ಸುಳ್ಯದ ತೆಂಕಣ ಅಂಚು, ಖಾನಾಪುರದ ಕಾಡಂಚು ಇಲ್ಲೆಲ್ಲ ಪಕ್ಕದ ಸರ್ಕಲ್ಲಿನ ಟವರ್ ಜೋರಾಗಿದ್ದರೆ ಫೋನು ತಾನಾಗಿ ಅತ್ತ ಜಾರುತ್ತಿತ್ತು. ತನ್ನ ಮನೆಯ ಅಂಗಳದಲ್ಲಿ ನಿಂತವನಿಗೆ ಕೇರಳದ್ದೋ ಮಹಾರಾಷ್ಟ್ರ-ಗೋವಾದ್ದೋ ರೋಮಿಂಗ್ ಬೀಳುತ್ತಿತ್ತು, ಬಂದ ಕರೆಗೂ ದುಡ್ಡು ಹೋಗುತ್ತಿತ್ತು. ಕೇರಳ ಸರ್ಕಲ್ಲಿಗೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಇದೇ ತೊಂದರೆ ತಿರುವುಮುರುವಾಗಿ. ಸೆಟ್ಟಿಂಗ್ಸಿಗೆ ಹೋಗಿ ನೆಟ್‌ವರ್ಕ್ ಆಯ್ಕೆಯನ್ನು ‘ಮ್ಯಾನುಯಲ್’ ಮಾಡಿಡುವುದನ್ನು ಓದು ಬಾರದವರೂ ಅಲ್ಲಿ ಕಲಿತಿದ್ದರು. 2017ರ ಹೊತ್ತಿಗೆ ರೋಮಿಂಗ್ ಶುಲ್ಕವೇ ಹೋಗಿ ಈ ಪಾಠ ಬೇಡವಾಯಿತು.

4ಜಿ ಬಂದಾಗ ಸೆಟ್ಟಿನ ಆಯ್ಕೆ ಮತ್ತೆ ಮುಂದಕ್ಕೆ ಬಂತು. ಜಿಯೋದ 4ಜಿ 850, 1800, 2300 ಮೆಗಾಹರ್ಟ್ಸ್ ಮೂರರಲ್ಲಿ ನಡೆಯುತ್ತದೆ. ದೂರದ ಮನೆಗೆ ಮುಟ್ಟುವುದು 850. ಜಿಯೋ ಬರುವ ಮೊದಲು ಇಲ್ಲಿ ಮಾರಾಟವಾದ ಎಷ್ಟೋ 4ಜಿ ಫೋನುಗಳಿಗೆ 1800 ಮತ್ತು 2300 ಮಾತ್ರ ಗೊತ್ತಿತ್ತು. ಒಂದೇ ಮನೆಯ ಒಂದೇ ಜಗಲಿಯಲ್ಲಿ, ಒಂದೇ ಕಂಪನಿಯ ಸಿಮ್ ಹಾಕಿದ ಎರಡು ಫೋನುಗಳಲ್ಲಿ ಒಂದು ಮಾತಾಡುವುದು, ಇನ್ನೊಂದು ‘ನೋ ಸರ್ವಿಸ್’ ಎನ್ನುವುದು ಇದರಿಂದಲೇ. ಡಬ್ಬಿಯ ಮೇಲೆ ಕ್ಯಾಮೆರಾದ ಮೆಗಾಪಿಕ್ಸೆಲ್ ದಪ್ಪಕ್ಷರದಲ್ಲಿ, ತರಂಗಾಂತರದ ಬ್ಯಾಂಡುಗಳ ಪಟ್ಟಿ ಇದ್ದರೆ ಇರುವೆಯ ಸಾಲಿನಷ್ಟು. ಮೆಗಾಪಿಕ್ಸೆಲ್ ತಿಳಿಯದೆ ಫೋನು ಕೊಂಡರೆ ಫೋಟೋ ಕೆಡುತ್ತದೆ, ಬ್ಯಾಂಡು ತಿಳಿಯದೆ ಕೊಂಡರೆ ಫೋನೇ ಇಲ್ಲವಾಗುತ್ತದೆ. ಬಿಎಸ್‌ಎನ್‌ಎಲ್ ತಡವಾಗಿ ತಂದ 4ಜಿ 700 ಮತ್ತು 2100ರಲ್ಲಿದೆ. ಗುಡ್ಡಕ್ಕೆ 700ಕ್ಕಿಂತ ಒಳ್ಳೆಯದು ಇವರಾರ ಬಳಿಯೂ ಇಲ್ಲ. ಅದನ್ನು ಹಿಡಿಯುವ ಬ್ಯಾಂಡ್ 28 ತಮ್ಮ ಸೆಟ್ಟಿನಲ್ಲಿದೆಯೇ ಎಂದು ತಿಳಿಯದೆ ಸಂಸ್ಥೆಯನ್ನು ಬಯ್ಯುವವರು ಬಹಳ. ಸಂಸ್ಥೆ ಬಯ್ಯಿಸಿಕೊಳ್ಳಬೇಕಾದ ಕಾರಣ ಬೇರೆ ಇದೆ. ಕರೆಂಟು ಹೋದ ಕೂಡಲೇ ಟವರ್ ಸತ್ತರೆ ಯಾವ ಬ್ಯಾಂಡ್ ಇದ್ದೇನು? ಜೂನ್‌ನಿಂದ ಆಗಸ್ಟ್‌ವರೆಗೆ ದಿನಗಟ್ಟಲೆ ಕರೆಂಟಿಲ್ಲದ ಸೀಮೆಯಲ್ಲಿ ರೇಂಜ್ ಎಂದರೆ ಟವರಿನ ಬುಡದ ಬ್ಯಾಟರಿ ಮತ್ತು ಜನರೇಟರಿನ ಡೀಸೆಲ್. ಯಾವ ಕಂಪನಿಯ ದರಪಟ್ಟಿಯಲ್ಲಿಯೂ ಅದು ಬರುವುದಿಲ್ಲ.

ಈ ಸಂಗತಿಗಳು ಅಧಿಕಾರಿಗಳಿಗೆ ಕಾಣದೆ ಉಳಿದದ್ದಕ್ಕೆ ಅಳತೆಯ ಕ್ರಮವೂ ಕಾರಣ. ಕರೆ ಕಡಿತ ಶೇಕಡಾ 2ನ್ನು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಲೆಕ್ಕ ಇಡುತ್ತಿದ್ದುದು ಇಡೀ ಸರ್ಕಲ್ಲಿನ ಸರಾಸರಿಯಲ್ಲಿ. ಬೆಂಗಳೂರಿನ ಲಕ್ಷಾಂತರ ಕರೆಗಳ ನಡುವೆ ಆಗುಂಬೆಯ ಕಣಿವೆಯ ನಾಲ್ಕು ಕರೆ ಕರಗಿಹೋಗುತ್ತವೆ. ಮೇಲಾಗಿ ಕಡಿತವಾಗಬೇಕಾದರೂ ಕರೆ ಮೊದಲು ಹತ್ತಬೇಕು. ಕಡಿತವಾದ ಕರೆಗೆ ಒಂದು ರೂಪಾಯಿ ಪರಿಹಾರ ಕೊಡಬೇಕೆಂದು ಟ್ರಾಯ್ 2015ರಲ್ಲಿ ಮಾಡಿದ ನಿಯಮವನ್ನು ಮರುವರ್ಷ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಉಳಿದಿದ್ದರೂ ಸಿಗ್ನಲ್ಲೇ ಇಲ್ಲದವನಿಗೆ ಅದರಲ್ಲಿ ಪಾಲಿರಲಿಲ್ಲ. 2020-21ರಲ್ಲಿ ಆನ್‌ಲೈನ್ ತರಗತಿಗಾಗಿ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ಕೂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆಯೇ ಈ ಸರಾಸರಿಯ ಹಿಂದೆ ಏನಿದೆಯೆಂದು ರಾಜಧಾನಿಗೆ ತಿಳಿದದ್ದು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಫಲಕಗಳೆದ್ದವು. ಪೇಟೆಗಳಲ್ಲಾದರೋ ಟವರ್ ಬೇಡ, ವಿಕಿರಣದಿಂದ ಕೆಡುಕು ಎನ್ನುವ ವಾದವೂ ಕೇಳಿಬಂದಿದೆ. ಆ ಆತಂಕವನ್ನು ಗೇಲಿ ಮಾಡಬೇಕಿಲ್ಲ; 2012ರ ಸೆಪ್ಟೆಂಬರಿನಿಂದ ನಮ್ಮಲ್ಲಿ ಟವರಿನ ವಿಕಿರಣ ಮಿತಿಯನ್ನು ಹಿಂದಿನ ಹತ್ತನೇ ಒಂದಕ್ಕೆ ಇಳಿಸಿದ್ದಾರೆ. ಆದರೆ ಟವರ್ ದೂರವಾದಷ್ಟೂ ಫೋನು ತನ್ನ ಪೂರ್ತಿ ಶಕ್ತಿಯಲ್ಲಿ ಕೂಗುತ್ತದೆ, ಮತ್ತು ಅದು ಕೂಗುವುದು ಕಿವಿಗೆ ಒತ್ತಿಕೊಂಡಿರುವಾಗ. ಟವರಿಲ್ಲದ ಕಣಿವೆಯನ್ನು ಸುರಕ್ಷಿತ ಕಣಿವೆ ಎನ್ನಲು ಆಧಾರ ಸಾಲದು.

ಈಚೆಗೆ ಸರ್ಕಾರಿ ಯೋಚನೆ ಮಲೆನಾಡಿನ ತಿಳಿವಳಿಕೆಯ ಹತ್ತಿರಕ್ಕೆ ಬಂದಿದೆ. 4ಜಿ ಇಲ್ಲದ ಹಳ್ಳಿಗಳಿಗೆ ಟವರ್ ಕೊಡಲು 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಮಾಡುವ ಹೊಣೆ ಬಿಎಸ್‌ಎನ್‌ಎಲ್‌ಗೆ. ಎಲ್ಲೆಲ್ಲಿ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂದು ಟ್ರಾಯ್ 2024ರ ನಿಯಮಗಳಲ್ಲಿ ಕಡ್ಡಾಯ ಮಾಡಿತು. ಸರ್ಕಾರಿ ನಿಧಿಯಿಂದ ಕಟ್ಟಿದ ಟವರಿನಡಿ ಬೇರೆ ಕಂಪನಿಯ ಸಿಮ್ಮಿಗೂ ಮಾತು ಸಿಗುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಯಿತು. ಒಂದೇ ಟವರ್ ಇರುವಲ್ಲಿ ಕಂಪನಿಗಳ ಪೈಪೋಟಿಗೆ ಅರ್ಥವಿಲ್ಲವೆಂದು ಒಪ್ಪಿಕೊಳ್ಳಲು ಸುಮಾರು 30 ವರ್ಷ ಬೇಕಾಯಿತು. ನಕ್ಷೆಗಳನ್ನಾದರೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅವು ತೋರಿಸುವ ಬಣ್ಣ ಬಯಲಲ್ಲಿ ನಿಂತವನದ್ದು, ಮಣ್ಣಿನ ದಪ್ಪ ಗೋಡೆಯ ಒಳಮನೆಯಲ್ಲಿ ಮಲಗಿದವನದ್ದಲ್ಲ. ಒಳಮನೆಯ ಪ್ರಶ್ನೆಗೆ ಈಗ ಮಲೆನಾಡಿನ ಎಷ್ಟೋ ಮನೆಗಳು ಕಂಡುಕೊಂಡಿರುವ ಉತ್ತರ ಬೇರೆ: ಫೈಬರ್ ಎಳೆಸಿ, ವೈಫೈ ಮೇಲೆ ಕರೆ ಮಾಡುವುದು. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಮೊದಲಿಗೆ ಈ ಸೌಲಭ್ಯ ತೆರೆದವು. ಹೀಗಾಗಿ ಈಗ ಸೆಟ್ ಕೊಳ್ಳುವಾಗ ಬ್ಯಾಂಡುಗಳ ಜೊತೆಗೆ ವೈಫೈ ಕಾಲಿಂಗ್ ಇದೆಯೇ ಎಂದೂ ಕೇಳುತ್ತಾರೆ. ಟವರಿನ ಸಿಗ್ನಲ್ ಅಂಗಳಕ್ಕೂ ಬಾರದ ಕಂಪನಿಯ ಸಿಮ್ ಆ ಮನೆಯಲ್ಲಿ ಸಲೀಸಾಗಿ ಮಾತಾಡುತ್ತದೆ, ಮತ್ತು ಎಷ್ಟೋ ಊರುಗಳಲ್ಲಿ ಆ ಫೈಬರ್ ಹೊರಡುವುದು ಹೋಬಳಿಯ ಹಳೆಯ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನಿಂದ.